ಲ್ಯಾಬ್ ಮೇಡಂ ನಿಲ್ಲುತ್ತಿದ್ದ ಜಾಗ

ನಿಂತುಕೊಂಡು ಹಾಡು ಕೇಳುವುದಕ್ಕೆ ತಲೆಗೆ ಮುನ್ನೂರು ರೂಪಾಯಿ. ಕುರ್ಚಿ ಇಲ್ಲ, ಜಮಖಾನೆ ಇಲ್ಲ, ಕುಡಿಯಲು ಒಂದು ಲೋಟ ನೀರೂ ಅದರಲ್ಲಿ ಸೇರಿಲ್ಲ. ಪುಣೆಯ ಆ ಗೇಟಿನ ಮುಂದೆ ದರ ಕೇಳಿದಾಗ ನನ್ನ ಕೈ ತಾನಾಗಿಯೇ ಸೊಂಟದ ಸಂಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಅಲ್ಲಿ ಕುಳಿತಿದ್ದ ಗಿಡ್ಡ ಕೂದಲಿನ ಹುಡುಗಿಗೆ ಮರಾಠಿಯಲ್ಲಿ, ಇಬ್ಬರಿದ್ದೇವೆ ಮಗಳೇ, ಐನೂರಕ್ಕೆ ಮುಗಿಸು ಎಂದೆ. ಅವಳು ನಕ್ಕು "ಕಾಕೂ, ಹಾ ಬಾಜಾರ ನಾಹೀ" ಎಂದಳು. ಇದು ಸಂತೆಯಲ್ಲ ಎಂದು ನನಗೂ ಕಾಣುತ್ತಿತ್ತು. ಆದರೆ ಕೇಳಿದರೆ ಕಳೆದುಕೊಳ್ಳುವುದೇನು? ಕೇಳದೆ ಕೊಟ್ಟ ದುಡ್ಡು ಎರಡು ಸಲ ಹೋದಂತೆ ಎಂದು ನಾನು ನಂಬಿದ್ದೇನೆ.

ಟಿಕೆಟ್ಟಿನ ಮಾತು ಬಿಡಿ. ಲಗ್ನಸರಾಯಿಯ ದಿನಗಳಲ್ಲಿ, ಮದುವೆ ಮನೆಯವರು ಪಾತ್ರೆ ಖರೀದಿಗೆ ಸಾಲುಗಟ್ಟುವ ಹೊತ್ತಿನಲ್ಲಿ, ಎರಡು ದಿನ ಅಂಗಡಿಗೆ ಬೀಗ ಹಾಕಿ ಹೋಗಿದ್ದೆ. ನನ್ನ ಹೆರಿಗೆಗೂ ನಾನು ಅಷ್ಟು ದಿನ ವ್ಯಾಪಾರ ನಿಲ್ಲಿಸಿದವಳಲ್ಲ. ಯಾಕೆ ಹೋದೆನೆಂದರೆ, ಹತ್ತು ವರ್ಷ ನನ್ನ ಮನೆಯಲ್ಲಿ ಬಾಡಿಗೆಗಿದ್ದ ಹೆಂಗಸು ಅಲ್ಲಿಯವರೆಗೆ ನನ್ನಲ್ಲಿ ಏನೂ ಕೇಳಿರಲಿಲ್ಲ. ಸೋರುವ ನಳ ರಿಪೇರಿ ಮಾಡಿಸಿ ಎಂದೂ ಕೇಳಿರಲಿಲ್ಲ. ಮೊದಲ ಸಲ ಕೇಳಿದ್ದು ಇದನ್ನು: ಒಂದು ಸಂಜೆ ನನ್ನ ಬಾಜೂಕ, ಅಂದರೆ ಪಕ್ಕಕ್ಕೆ, ನಿಂತುಕೊಳ್ಳಿ.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಕಾರಣ ಓದುತ್ತ ಹೋದರೆ ನಿಮಗೇ ತಿಳಿಯುತ್ತದೆ. ರಾಯಬಾಗದಲ್ಲಿ ಎಲ್ಲರೂ ಅವರನ್ನು ಲ್ಯಾಬ್ ಮೇಡಂ ಎನ್ನುತ್ತಿದ್ದರು. ಸರ್ಕಾರಿ ದವಾಖಾನೆಯಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡುವ ಕೆಲಸ.

ನಾನು ತೆಲಸಂಗದವಳು. ತಲೆಯ ಮೇಲೆ ಬುಟ್ಟಿ ಹೊತ್ತು, ಹಳೆಯ ಸೀರೆ, ಪ್ಯಾಂಟು ತೆಗೆದುಕೊಂಡು ಸ್ಟೀಲಿನ ಪಾತ್ರೆ ಕೊಡುತ್ತ ಅಥಣಿಯಿಂದ ಚಿಕ್ಕೋಡಿಯವರೆಗೆ ಓಣಿ ಓಣಿ ತಿರುಗಿದವಳು. ಜರಿ ಎಷ್ಟು ಸುಟ್ಟಿದೆ, ಅಂಚು ಎಷ್ಟು ಹಿಗ್ಗಿದೆ ಎಂದು ಬೆರಳಿನಲ್ಲಿ ಹಿಡಿದು ಹೇಳುತ್ತಿದ್ದೆ. ಹಾಗೆ ತಿರುಗಿಯೇ ರಾಯಬಾಗದಲ್ಲಿ ಬಾಂಡೆ ಅಂಗಡಿ, ಅಂದರೆ ಪಾತ್ರೆ ಅಂಗಡಿ ಹಾಕಿದೆ, ಅದರ ಮೇಲೆ ಒಂದು ಖೋಲಿ ಕಟ್ಟಿಸಿದೆ. ಎರಡು ಸಾವಿರದ ನಾಲ್ಕನೆಯ ಇಸವಿಯ ಸುಮಾರಿಗೆ ಮೇಡಂ ಆ ಖೋಲಿ ಕೇಳಿಕೊಂಡು ಬಂದರು.

ನಮ್ಮ ಕಡೆ ಬಾಡಿಗೆಗೆ ಬಂದವರನ್ನು ಮೊದಲು ಕೇಳುವುದು ಸಂಬಳವನ್ನಲ್ಲ, ಅಡ್ಡಹೆಸರನ್ನು. ಅದೊಂದು ಗೊತ್ತಾದರೆ ಜಾತಿ, ಓಣಿ, ಯಾರ ಪೈಕಿ ಎಂಬುದೆಲ್ಲ ಗೊತ್ತಾದಂತೆ. ಮೇಡಂ ನನ್ನ ಬಾಯಿ ತೆರೆಯುವುದಕ್ಕೂ ಬಿಡಲಿಲ್ಲ.

"ಅಕ್ಕಾರ, ಮದಲ ಹೇಳಿಬಿಡ್ತೀನಿ. ನಾವು ಬೌದ್ಧರು, ಪಾಲಬಾವಿಯವ್ರು. ಒಲ್ಲೆ ಅನ್ನೂದಿದ್ರ ಈಗ ಅಂದಬಿಡ್ರಿ. ಸುಮ್ನ ಜಿನಾ ಹತ್ತಿ ಖೋಲಿ ನೋಡೂದು ಉಳೀತೈತಿ."

ನಮ್ಮ ಕಡೆ ಬೌದ್ಧರು ಎಂದರೆ ಧರ್ಮ ಬದಲಿಸಿದ ದಲಿತರು. ಆರು ಮನೆ ತಿರುಗಿ ಬಂದಿದ್ದಾರೆ ಎಂದು ಚಪ್ಪಲಿಯ ಧೂಳಿನಿಂದಲೇ ನನಗೆ ತಿಳಿಯಿತು. "ಒಲ್ಲೆ ಅನ್ನೂದಿಲ್ರಿ. ತಿಂಗಳಾ ಏಳನೂರು," ಎಂದೆ.

"ಬಾಜೂಕಿನವ್ರು ಆರನೂರಂದ್ರು?"

"ನಮ್ಮಲ್ಲಿ ನಳದ ನೀರ ಐತ್ರಿ."

ಹೆಚ್ಚಿನ ನೂರು ರೂಪಾಯಿ ನಳದ ನೀರಿನದಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬೇರೆ ಯಾರೂ ಕೊಡದ ಕಡೆ ಕೊಟ್ಟವರು ದರ ಏರಿಸುತ್ತಾರೆ, ಅದು ವ್ಯಾಪಾರ. ಆಗ ನನಗೆ ಅದರಲ್ಲಿ ನಾಚಿಕೆ ಅನಿಸಲಿಲ್ಲ. ಈಗ ಬರೆಯುವಾಗ ಅನಿಸುತ್ತಿದೆ.

ಮೇಡಂ ಎತ್ತರದ ಆಳು, ಸ್ವಲ್ಪ ಮುಂದಕ್ಕೆ ಬಾಗಿದ ಕುತ್ತಿಗೆ. ಇಡೀ ದಿನ ಸೂಕ್ಷ್ಮದರ್ಶಕದ ಮೇಲೆ ಬಾಗಿ ಬಾಗಿ ಹಾಗಾಗಿತ್ತೋ, ದಾರಿಯಲ್ಲಿ ಯಾರ ಮುಖವನ್ನೂ ನೋಡದೆ ನಡೆದು ಹಾಗಾಗಿತ್ತೋ. ಮದುವೆಯಾಗಿರಲಿಲ್ಲ. ತಮ್ಮಂದಿರನ್ನು ಓದಿಸುತ್ತ ವಯಸ್ಸು ಮುಂದೆ ಹೋಯಿತು ಎಂದು ಒಂದೇ ಸಲ, ಅದೂ ಬಸ್ಸಿನ ಟೈಮು ಹೇಳಿದಷ್ಟು ಸಲೀಸಾಗಿ ಹೇಳಿದ್ದರು. ಸೂಜಿ ಚುಚ್ಚುವ ಮುಂಚೆ ಎಲ್ಲರಿಗೂ ಒಂದೇ ಮಾತು: "ಕಿಟಕಿ ಕಡೆ ನೋಡ್ರಿ, ಯಾರೋ ಬಂದ್ರು." ಪೇಷಂಟು ತಿರುಗಿ ನೋಡುವುದರೊಳಗೆ ರಕ್ತ ಬಂದಿರುತ್ತಿತ್ತು. ಕಿಟಕಿಯ ಕಡೆ ಯಾರೂ ಬಂದಿರುತ್ತಿರಲಿಲ್ಲ.

ಊರಿಗೆ ಊರೇ ಅವರ ಕೈಗೆ ರಕ್ತ ಕೊಡುತ್ತಿತ್ತು. ಅವರ ಕೈಯ ಚಹಾ ಮಾತ್ರ ಕುಡಿಯುತ್ತಿರಲಿಲ್ಲ. ಮೇಲೆ ಖೋಲಿಗೆ ಬಂದ ಸಿಬ್ಬಂದಿ, ರಿಪೋರ್ಟು ಕೇಳಲು ಬಂದ ಕಬ್ಬಿನ ಹೊಲದ ದೊಡ್ಡ ಮಂದಿ, ಎಲ್ಲರದೂ ಒಂದೇ ರಾಗ: "ಈಗ ಕುಡದ ಬಂದೀವ್ರಿ." ಮೇಡಂ ಒಮ್ಮೆ ನನ್ನ ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಹೇಳಿದರು, "ಅಕ್ಕಾ, ಈ ರಾಯಬಾಗದಾಗ ಯಾವಾಗ ನೋಡಿದ್ರೂ ಎಲ್ಲಾರೂ ಈಗ ಚಹಾ ಕುಡದಿರ್ತಾರ ನೋಡ್ರಿ. ಹಾಲಿನ ಧಂದೆ ಮಾಡಬೇಕಿತ್ತು ನಾನು."

ನಾನು ಕುಡಿಯುತ್ತಿದ್ದೆನೇ ಎಂದು ನೀವು ಕೇಳುತ್ತೀರಿ. ಮೊದಲ ವರ್ಷ ಇಲ್ಲ. ಆಮೇಲೆ ನನಗೆ ಒಂದು ವಾರ ಜ್ವರ ಬಂತು; ಅವರೇ ರಕ್ತ ತೆಗೆದು, ಅವರೇ ರಿಪೋರ್ಟು ತಂದು, ಅವರೇ ಶುಂಠಿ ಹಾಕಿದ ಚಹಾ ಮಾಡಿ ತಂದು ತಲೆದೆಸೆಯಲ್ಲಿಟ್ಟು ಹೋದರು. ಆರುವ ಮುಂಚೆ ಕುಡಿದೆ. ಅಂದಿನಿಂದ ದಿನವೂ ಕುಡಿದೆ.

ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ ಮೇಡಂ ಶನಿವಾರ ದವಾಖಾನೆ ಮುಗಿಸಿ ರೈಲು ಹತ್ತುತ್ತಿದ್ದರು. ಸೋಮವಾರ ಬೆಳಿಗ್ಗೆ ಸ್ಟೇಷನ್ನಿನಿಂದ ನೇರವಾಗಿ ಲ್ಯಾಬಿಗೆ. ಒಂದು ಸೋಮವಾರ ಅವರ ಮಣಿಕಟ್ಟಿನಲ್ಲಿ ಹಸಿರು ಕಾಗದದ ಪಟ್ಟಿ ಇತ್ತು, ಟಿಕೆಟ್ಟು ಕೊಂಡ ಗುರುತಿಗೆ ಗೇಟಿನಲ್ಲಿ ಕಟ್ಟುವಂಥದ್ದು. ದವಾಖಾನೆಯ ಸಿಪಾಯಿ ಅದನ್ನು ಕಂಡು, "ಯಾವ ದೇವರ ದಾರಾರಿ ಮೇಡಂ?" ಎಂದು ಕೇಳಿದನಂತೆ.

"ಪುಣೆ ಕಡೆ ದೇವರಪ್ಪಾ. ಬಾಳ ಕಡಕ್ ಐತಿ. ಬಂದಾವ್ರನ್ನ ನಿಂದ್ರಸೇ ಇಡ್ತೈತಿ, ಕುಂಡ್ರಾಕ ಬಿಡೂದಿಲ್ಲ," ಎಂದರಂತೆ ಇವರು. ಅವನು ಭಕ್ತಿಯಿಂದ ಆ ಪಟ್ಟಿಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡನಂತೆ. ಆ ಕತೆ ಹೇಳುವಾಗ ಮೇಡಂ ನಕ್ಕಷ್ಟು ನಾನು ಅವರನ್ನು ನಗುವಾಗ ನೋಡಿಲ್ಲ.

ನನಗೆ ಬೇರೆಯೇ ಸಂಶಯವಿತ್ತು. ಮನೆಯ ಮಾಲಕಿ, ಸಂಶಯ ಪಡುವುದು ನನ್ನ ಹಕ್ಕು. ಒಂದು ದಿನ ನೇರವಾಗಿ ಕೇಳಿಯೇಬಿಟ್ಟೆ: "ಮೇಡಂ, ಪುಣೆದಾಗ ಯಾರರ ಇದ್ರ ಹೇಳಿಬಿಡ್ರಿ. ಲಗ್ನದ ಬಾಂಡೆ ಖರೀದಿ ದರಕ್ಕ ಕೊಡ್ತೀನಿ."

"ಅದಾರ ಅಕ್ಕಾ. ನಾಕ ಮಂದಿ ಅದಾರ," ಎಂದು ಹೇಳಿ ಮೊಬೈಲಿನ ವೈರು ತೆಗೆದು ನನ್ನ ಕಿವಿಗೆ ಸಿಕ್ಕಿಸಿದರು. ತಗಡಿನ ಮೇಲೆ ಜಲ್ಲಿ ಸುರಿದಂತೆ ಏನೋ ಒಂದು. ಅದರೊಳಗೆ ಒಬ್ಬ ಹುಡುಗ ನೋವಾದವನಂತೆ ಕೂಗುತ್ತಿದ್ದ.

"ಇದು ಹಾಡೇನ್ರಿ?"

"ಹಾಡ. ಇವ್ರು ಸಿನಿಮಾದ್ದು ಹಾಡೂದಿಲ್ಲ. ತಮ್ಮದ ತಾವ ಬರದು, ತಾವ ಬಾರ್ಸಿ ಹಾಡ್ತಾರ. ರಾಕ್ ಅಂತಾರ. ದೊಡ್ಡ ಕಂಪನಿ ಇಲ್ಲ, ಹೆಸರಿಲ್ಲ. ಕೇಳಾಕ ಮೂವತ್ತ ನಲವತ್ತ ಮಂದಿ ಬರ್ತಾರ."

"ಮೂವತ್ತ ಗಿರಾಕಿ ಇಟಗೊಂಡ ಧಂದೆ ನಡೀತೈತೇನ್ರಿ?"

"ನಡ್ಯೂದಿಲ್ಲ. ಆದ್ರೂ ಹಾಡ್ತಾರ. ಅದಕ್ಕ ಹೋಗ್ತೀನಿ."

ಇದು ಹೇಗೆ ಅಂಟಿತು ಎಂದರೆ, ತಮ್ಮನ ಮಗಳನ್ನು ಪುಣೆಯ ಕಾಲೇಜಿಗೆ ಸೇರಿಸಲು ಹೋಗಿದ್ದರು. ಆಫೀಸಿನವರು ಮೂರು ಗಂಟೆಗೆ ಬನ್ನಿ ಎಂದರು. ಬಾಜೂಕಿನ ಮೈದಾನದಲ್ಲಿ ಮಧ್ಯಾಹ್ನದ ಬಿಸಿಲಿನಲ್ಲೇ ನಾಲ್ವರು ಹುಡುಗರು ಬಾರಿಸುತ್ತಿದ್ದರು. ನೆರಳು ಹುಡುಕಿಕೊಂಡು ಹೋಗಿ ನಿಂತವರು ಆಫೀಸಿನ ಟೈಮು ಮರೆತರು. "ಆ ದೊಡ್ಡ ಡಬ್ಬಿಯೊಳಗಿಂದ ಸಪ್ಪಳ ಬಂದು ಸೀದಾ ಇಲ್ಲಿ ಹೊಡೀತು ಅಕ್ಕಾ," ಎಂದು ಎದೆಯ ಮೂಳೆ ತೋರಿಸಿದ್ದರು. "ಒಳಗ ಯಾರರೆ ಅದಾರೇನು ಅಂತ ಬಾಗಲಾ ಬಡದಂಗ."

ಅರ್ಧ ಮರಾಠಿ, ಅರ್ಧ ಇಂಗ್ಲಿಷಿನ ಹಾಡುಗಳು. ಎಲ್ಲ ತಿಳಿಯುತ್ತಿರಲಿಲ್ಲ, ಆದರೆ ಎಲ್ಲ ಬಾಯಿಪಾಠ. ಒಂದರ ಅರ್ಥ ನನಗೆ ಹೇಳಿದ್ದರು. ಬಾಡಿಗೆ ಮನೆ ಬಿಟ್ಟು ಹೋಗುವ ಒಬ್ಬಾತ, ಗೋಡೆಗೆ ತಾನು ಹೊಡೆದ ಮೊಳೆಗಳನ್ನು ಒಂದೊಂದಾಗಿ ಮುಟ್ಟುತ್ತ, ಇದಕ್ಕೆ ಏನು ತೂಗುಹಾಕಿದ್ದೆ, ಇದಕ್ಕೆ ಏನು ಎಂದು ನೆನೆಯುತ್ತಾನೆ. "ನನ್ನ ಖೋಲಿ ಯಾವಾಗ ನೋಡಿ ಹೋಗಿದ್ರೋ ಏನೋ," ಎಂದರು ಮೇಡಂ. ನಾನು ತಕ್ಷಣ, ಗೋಡೆಗೆ ಮೊಳೆ ಹೊಡೆದಿದ್ದೀರೇನು ಎಂದು ಕೇಳಿದೆ. ಅದು ನನ್ನ ಬುದ್ಧಿ.

ಎರಡು ಸಾವಿರದ ಹದಿನಾಲ್ಕರ ಬೇಸಿಗೆಯಲ್ಲಿ ಒಂದು ದಿನ ಅಂಗಡಿಗೆ ಬಂದು, ಮಾರಾಟಕ್ಕಿಟ್ಟ ಲೋಟಗಳನ್ನು ಸುಮ್ಮನೆ ಸರಿಸುತ್ತ, ಬೇರೆಲ್ಲೋ ನೋಡುತ್ತ ಹೇಳಿದರು:

"ಅಕ್ಕಾ, ಒಮ್ಮೆ ಬರ್ರಿ ನನ್ನ ಕೂಡ. ಹಾಡ ನಿಮಗ ಸೇರೂದಿಲ್ಲ, ಗೊತ್ತೈತಿ. ಸುಮ್ನ ಬಾಜೂಕ ನಿಂದರ್ರಿ. ನಾ ಅಲ್ಲಿ ಹೆಂಗಿರ್ತೀನಿ ಅನ್ನೂದು ಒಬ್ಬರಿಗರೆ ಗೊತ್ತಿರ್ಲಿ ಅನಸಾಕತ್ತೈತಿ."

"ಅಂಥಾದ್ದೇನ ಐತ್ರಿ ಅಲ್ಲಿ?"

"ಏನೂ ಇಲ್ಲ. ಒಂಬತ್ತ ವರ್ಷ ಆತು ಹೋಗಾಕತ್ತು. ಎಡಗಡೆ ಒಂದ ಕಂಬ ಐತಿ, ಅಲ್ಲೇ ನಿಂದರ್ತೀನಿ. ಒಬ್ಬರೂ ನನ್ನ ಹೆಸರ ಕೇಳಿಲ್ಲ. ಯಾವೂರು ಅಂತ ಕೇಳಿಲ್ಲ. ಬಾಜೂಕ ನಿಂತಾವ್ರು ನೀರ ಕುಡದು ಬಾಟ್ಲಿ ನನ್ನ ಕೈಯಾಗ ಕೊಡ್ತಾರ. ಬಾಯಿ ಹಚ್ಚಿ ಕುಡದದ್ದು. ನಾನೂ ಬಾಯಿ ಹಚ್ಚಿ ಕುಡದು ಮುಂದಿನವ್ರಿಗೆ ಕೊಡ್ತೀನಿ. ಅವರೂ ಕುಡೀತಾರ. ಅಷ್ಟ."

ಅವರು ಅಷ್ಟು ಸ್ಪಷ್ಟವಾಗಿ ಹೇಳಿದ್ದರು. ನಾನು ಕೇಳಿಸಿಕೊಂಡದ್ದು ಬೇರೆ. ಒಂಬತ್ತು ವರ್ಷ ದುಡ್ಡು ಖರ್ಚು ಮಾಡಿಕೊಂಡು ಹೋಗುವ ಹೆಂಗಸಿನ ಹೆಸರನ್ನು ಒಬ್ಬರೂ ಕೇಳಿಲ್ಲವೇ, ಎಂಥ ಜನ ಇವರು ಎಂದು ನನಗೆ ಸಿಟ್ಟು ಬಂತು. ಇದನ್ನು ಸರಿಪಡಿಸಬೇಕು ಎಂದುಕೊಂಡೆ.

ನಮ್ಮ ಕಡೆಯ ರೂಢಿ ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಭಜನೆಯ ಮೇಳವಿರಲಿ, ಡೊಳ್ಳಿನ ಪದವಿರಲಿ, ಮೆಚ್ಚಿದವರು ಹಾಡಿನ ನಡುವೆಯೇ ಎದ್ದು ಹೋಗಿ ಹಾಡುಗಾರನಿಗೆ ನೋಟೋ, ಟವೆಲ್ಲೋ, ಪಾತ್ರೆಯೋ ಕೊಡುತ್ತಾರೆ. ಇದಕ್ಕೆ ಆಯೇರಿ ಎನ್ನುತ್ತಾರೆ. ಹಾಡುಗಾರ ಅಲ್ಲಿಗೇ ಹಾಡು ನಿಲ್ಲಿಸಿ, ಇಂಥ ಊರಿನ ಇಂಥವರು ಆಯೇರಿ ಮಾಡ್ಯಾರ ಎಂದು ಮೈಕಿನಲ್ಲಿ ಪೂರ್ತಿ ಹೆಸರು ಕೂಗುತ್ತಾನೆ. ಹೆಸರು ಕೂಗದಿದ್ದರೆ ಕೊಟ್ಟವರಿಗೆ ಅವಮಾನ. ಅದರ ಮೇಲೆ ಹೊಡೆದಾಟಗಳಾದದ್ದುಂಟು. ಪಾತ್ರೆ ಕೊಡುವುದಾದರೆ ಅದರ ಮೇಲೆ ಕೊಟ್ಟವರ ಹೆಸರು ಕೊರೆಸಿಯೇ ಕೊಡಬೇಕು. ಹೆಸರು ಕೊರೆಯುವ ಮಷೀನು ನನ್ನ ಅಂಗಡಿಯಲ್ಲೇ ಇದೆ.

ದಪ್ಪ ತಳದ ಒಂದು ಸ್ಟೀಲ್ ತಂಬಿಗೆ ಆರಿಸಿದೆ. ಮೇಡಂ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಮುಕ್ಕಾಮು ರಾಯಬಾಗ, ಎಲ್ಲವನ್ನೂ ಮರಾಠಿ ಅಕ್ಷರದಲ್ಲಿ ನಾನೇ ಕೂತು ಕೊರೆದೆ. ತಳದಲ್ಲಿ ನನ್ನ ಅಂಗಡಿಯ ಹೆಸರು, ಫೋನ್ ನಂಬರು. ಅದು ಎಲ್ಲ ಪಾತ್ರೆಗೂ ಹಾಕುವುದು. ಬಿಟ್ಟಿ ಜಾಹೀರಾತು ಯಾರಿಗೆ ಬೇಡ? ಸೀರೆಯಲ್ಲಿ ಸುತ್ತಿ ಚೀಲದ ಅಡಿಯಲ್ಲಿಟ್ಟೆ. ಮೇಡಂಗೆ ಹೇಳಲಿಲ್ಲ. ಹೇಳಿದ್ದರೆ ಬೇಡವೆನ್ನುತ್ತಿದ್ದರು, ಅದನ್ನು ನಾನು ಸಂಕೋಚ ಎಂದುಕೊಳ್ಳುತ್ತಿದ್ದೆ.

ಪುಣೆಯಲ್ಲಿ ಹಾಡು ನಡೆಯುವ ಆ ಸಭಾಂಗಣ ಮೊದಲು ಗೋದಾಮಾಗಿತ್ತೆಂದು ಕಾಣುತ್ತದೆ. ಮೇಲೆ ತಗಡು, ಕೆಳಗೆ ಸಿಮೆಂಟು. ಭಾನುವಾರ ಸಂಜೆ ಐದು ಗಂಟೆ, ಹೊರಗೆ ಇನ್ನೂ ಸುಡುವ ಬಿಸಿಲು. ಕಪ್ಪು ಬನಿಯನ್ನಿನ ಹುಡುಗ ಹುಡುಗಿಯರ ನಡುವೆ ಒಂಬತ್ತು ವಾರಿಯ ಕಚ್ಚೆ ಸೀರೆಯ ನಾನು, ಕೈಮಗ್ಗದ ಸೀರೆಯ ಮೇಡಂ. ಯಾರೂ ನಮ್ಮ ಕಡೆ ತಿರುಗಿ ನೋಡಲಿಲ್ಲ. ಮೇಡಂ ಎಡಗಡೆಯ ಕಂಬದ ಹತ್ತಿರ ಹೋಗಿ ಸೆರಗು ಸಿಕ್ಕಿಸಿಕೊಂಡು, ಎರಡೂ ಪಾದಗಳನ್ನು ಸ್ವಲ್ಪ ಅಗಲಿಸಿ, ನೆಲ ಗಟ್ಟಿಯಿದೆಯೇ ಎಂದು ನೋಡುವವರಂತೆ ಒಮ್ಮೆ ಒತ್ತಿ ನಿಂತರು.

ಸಪ್ಪಳ ಶುರುವಾಯಿತು. ನನ್ನ ಪಕ್ಕೆಲುಬು ಸಹ ಅಲುಗಿತು. ಮೇಡಂ ಪರ್ಸಿನಿಂದ ಲ್ಯಾಬಿನ ಅರಳೆ ತೆಗೆದು ನನ್ನ ಕಿವಿಗೆ ತಾವೇ ಇಟ್ಟರು. ಆಮೇಲೆ ನಾನು ಹಾಡು ಬಿಟ್ಟು ಅವರನ್ನೇ ನೋಡುತ್ತ ನಿಂತೆ.

ಕುತ್ತಿಗೆ ನೆಟ್ಟಗಾಗಿತ್ತು. ಹತ್ತು ವರ್ಷದಲ್ಲಿ ಅವರ ಗದ್ದ ಅಷ್ಟು ಮೇಲಿದ್ದದ್ದನ್ನು ನಾನು ನೋಡಿರಲಿಲ್ಲ. ತುಟಿಗಳು ಒಂದೊಂದು ಶಬ್ದವನ್ನೂ ಆಡುತ್ತಿದ್ದವು. ಒಂದು ಕಡೆ ಹಾಡು ಏರಿದಾಗ ಬಲಗೈ ಮೇಲೆತ್ತಿದರು. ಪೇಷಂಟಿನ ತೋಳಿಗೆ ಅರಳೆ ಒತ್ತುವ ಅದೇ ಎರಡು ಬೆರಳು. ಕಣ್ಣು ಮುಚ್ಚಿತ್ತು. ಬಾಜೂಕಿನ ಹುಡುಗಿ ನೀರಿನ ಬಾಟಲಿ ಅವರ ಕೈಗೆ ತಾಗಿಸಿದಳು. ಅವರು ನೋಡದೆಯೇ ಕುಡಿದು ನನಗೆ ಕೊಟ್ಟರು, ನಾನು ಕುಡಿದು ಮುಂದೆ ದಾಟಿಸಿದೆ. ಇಷ್ಟು ನೋಡಿ ನಾನು ಸುಮ್ಮನೆ ಮನೆಗೆ ಬಂದಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

ಮೊಳೆಗಳ ಹಾಡು ಬಂತು. ಸದ್ದು ಇಳಿದು, ಒಂದೇ ಗಿಟಾರು ಉಳಿಯಿತು. ನಮ್ಮ ಕಡೆ ಹಾಡು ಕಳೆಗಟ್ಟಿದ ಗಳಿಗೆಯಲ್ಲೇ ಆಯೇರಿ ಮಾಡಬೇಕು. ನಾನು ತಂಬಿಗೆ ತೆಗೆದುಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಸ್ಟೇಜು ಹತ್ತಿದೆ. ಹಾಡುತ್ತಿದ್ದ ಗಡ್ಡದ ಹುಡುಗ ತಂತಿಯ ಮೇಲೆ ಕೈಯಿಟ್ಟು ನಿಲ್ಲಿಸಿದ. ತಂಬಿಗೆ ಅವನ ಕೈಗಿಟ್ಟು, ಹೆಸರು ಓದು ಮಗನೇ ಎಂದು ಮರಾಠಿಯಲ್ಲಿ ಹೇಳಿದೆ.

ಒಳ್ಳೆಯ ಹುಡುಗ. ತಂಬಿಗೆಯನ್ನು ಬೆಳಕಿಗೆ ತಿರುಗಿಸಿ, ಮೈಕಿನ ಹತ್ತಿರ ಬಂದು, ಒಂದೊಂದನ್ನೂ ಬಿಡಿಸಿ ಓದಿದ. ಹೆಸರು. ತಂದೆಯ ಹೆಸರು. ಅಡ್ಡಹೆಸರು. ರಾಯಬಾಗ. ಆಮೇಲೆ, ಎಲ್ಲಿದ್ದಾರೆ ಅವರು ಎಂದು ಕೇಳಿದ. ನಾನು ಕಂಬದ ಕಡೆ ಕೈ ತೋರಿಸಿದೆ. ಯಾರೋ ದೊಡ್ಡ ದೀಪವನ್ನು ಅತ್ತ ತಿರುಗಿಸಿದರು. ಅಲ್ಲಿದ್ದವರೆಲ್ಲ ತಿರುಗಿ ಚಪ್ಪಾಳೆ ಹೊಡೆದರು, ಶಿಳ್ಳೆ ಹಾಕಿದರು. ನನಗೆ ಕಣ್ಣಲ್ಲಿ ನೀರು ಬಂತು. ಮಾಡಬೇಕಾದದ್ದನ್ನು ಮಾಡಿದೆ ಅನಿಸಿತು.

ಬೆಳಕಿನಲ್ಲಿ ಮೇಡಂ ಎರಡೂ ಕೈ ಮುಗಿದರು. ನಗುತ್ತಿದ್ದರು. ಗದ್ದ ಕೆಳಗೆ ಬಂದಿತ್ತು.

ಹಾಡು ಮುಗಿದ ಮೇಲೆ ಒಬ್ಬ ತರುಣ ಸಂತೋಷದಿಂದ ನೂಕಿಕೊಂಡು ನಮ್ಮ ಹತ್ತಿರ ಬಂದ. ಇಸ್ತ್ರಿ ಅಂಗಿ, ಕೈಯಲ್ಲಿ ನೀರಿನ ಬಾಟಲಿ.

"ಕಾಕೂ, ನೀವು ರಾಯಬಾಗದವ್ರೇನ್ರಿ? ನಾವು ಕಾಗವಾಡದವ್ರು! ಇಲ್ಲಿ ನಮ್ಮ ಕಡೆ ಮಂದಿ ಸಿಗೂದ ಇಲ್ಲ ನೋಡ್ರಿ. ನೀರ ಕುಡೀರಿ... ಅಡ್ಡಹೆಸರ ಏನಂದ್ರಿ?"

ಮೇಡಂ ಇನ್ನೊಮ್ಮೆ ಹೇಳಿದರು. ನಿಧಾನವಾಗಿ, ರಿಪೋರ್ಟು ಓದಿ ಹೇಳುವ ದನಿಯಲ್ಲಿ.

"ಹಾಂ. ಹಾಂ ಹಾಂ. ಚಲೋ ಆತ್ರಿ," ಎಂದ. ಆಮೇಲೆ ಯಾರೋ ಕರೆದರೆಂಬಂತೆ ಆಚೆ ಕಡೆ ಹೋದ. ಬಾಟಲಿ ಅವನ ಕೈಯಲ್ಲೇ ಉಳಿಯಿತು. ಅವನು ಕೆಟ್ಟ ಮಾತೊಂದನ್ನೂ ಆಡಲಿಲ್ಲ. ಆಡಿದ್ದರೆ ನಾನು ಅಲ್ಲೇ ಅವನ ಕೊರಳಪಟ್ಟಿ ಹಿಡಿಯುತ್ತಿದ್ದೆ. ಹಿಡಿಯಲು ಏನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಮಿರಜ ಸ್ಟೇಷನ್ನಿನಲ್ಲಿ ನಮ್ಮ ಗಾಡಿಗೆ ಕಾಯುತ್ತ ಕುಳಿತಿದ್ದಾಗ ನಾನೇ ಮಾತು ತೆಗೆದೆ. ಇಬ್ಬರ ಕೈಯಲ್ಲೂ ಚಹಾದ ಕಪ್ಪು.

"ಸಿಟ್ಟಾಗೀರೇನ್ರಿ?"

"ಇಲ್ಲಕ್ಕಾ. ನೀವು ಪ್ರೀತಿಲೇ ಮಾಡೀರಿ. ತಂಬಿಗಿ ಬಾಳ ಚಲೋ ಇತ್ತು."

"ಎಲ್ಲಾರೂ ಚಪ್ಪಾಳಿ ಹೊಡದ್ರಲ್ರಿ!"

"ಹೊಡದ್ರು. ಒಳ್ಳೇ ಮಂದಿ ಅವ್ರು."

"ಅಂವ ಒಬ್ಬಾಂವ ಹಂಗ ಮಾಡ್ದಾ ಅಂತ ಮನಸಿಗೆ ಹಚ್ಗೋತಾರೇನ್ರಿ?"

ಮೇಡಂ ಕಪ್ಪನ್ನು ಬೆಂಚಿನ ಮೇಲೆ ಅಂಚಿಗೆ ಸರಿಯಾಗಿ ಇಟ್ಟರು. "ಅವಂದಲ್ಲ ಅಕ್ಕಾ. ಇನ್ನ ಮುಂದ ನಾ ಅಲ್ಲಿ ನಿಂತಾಗ ಬಾಜೂಕ ಯಾರ ಬಂದ್ರೂ, ಇವರಿಗೆ ಗೊತ್ತೈತೋ ಇಲ್ಲೋ ಅಂತ ಮುಖಾ ನೋಡ್ತೀನಿ. ಹಾಡ ಕೇಳೂದ ಬಿಟ್ಟು ಮಾರಿ ನೋಡ್ಕೋತ ನಿಂದರ್ತೀನಿ. ಅದು ನನಗ ಇಲ್ಲೇ ಐತಿ. ಅಲ್ಲೀತನಕ ಯಾಕ ಹೋಗಬೇಕು? ಆ ಜಾಗಾನೂ ಊರ ಆತು ನೋಡ್ರಿ."

ಗಾಡಿ ಬಂತು. ಚೀಲ ಎತ್ತಿಕೊಟ್ಟರು. ಸೀದಾ ಲ್ಯಾಬಿಗೆ ಹೋದರು.

ಒಂದು ತಿಂಗಳ ಮೇಲೆ ಅಂಗಡಿಗೆ ಪುಣೆಯಿಂದ ಫೋನು ಬಂತು. ತಂಬಿಗೆಯ ತಳದ ನಂಬರು ನೋಡಿ ಆ ಗಡ್ಡದ ಹುಡುಗನೇ ಮಾಡಿದ್ದ. ಆ ತಾಯಿಗೆ ಇನ್ನು ಮುಂದೆ ಟಿಕೆಟ್ಟು ಬೇಡ, ಸ್ಟೇಜಿನ ಮುಂದೆ ಅವರ ಹೆಸರು ಅಂಟಿಸಿ ಒಂದು ಕುರ್ಚಿ ಹಾಕಿದ್ದೇವೆ, ಯಾವಾಗ ಬರುತ್ತಾರೆ ಎಂದು ಕೇಳಿದ. ನಾನು ಜಿನಾ ಹತ್ತಿ ಓಡಿದೆ. ಬಿಟ್ಟಿ ಟಿಕೆಟ್ಟು, ಮೇಲೆ ಕುರ್ಚಿ! ನನ್ನ ಲೆಕ್ಕದಲ್ಲಿ ಹಾನಿಯೆಲ್ಲ ತುಂಬಿ ಲಾಭಕ್ಕೆ ಬಂದಿತ್ತು.

ಮೇಡಂ ಪೂರ್ತಿ ಕೇಳಿದರು. "ಹೆಸರ ಅಂಟಿಸ್ಯಾರಂತೇನ್ರಿ?" ಎಂದು ಒಮ್ಮೆ ಕೇಳಿ ಖಾತ್ರಿ ಮಾಡಿಕೊಂಡರು. ಆಮೇಲೆ ನಗಲು ಶುರುಮಾಡಿದರು. ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡು, "ನಿಂದರೂ ಜಾಗಾನೂ ಹೋತು ಹಂಗಾರ," ಎಂದರು.

ಆಮೇಲೆ ಅವರು ಹೋಗಲಿಲ್ಲ. ನಾನು ಕೊಲ್ಲಾಪುರದಲ್ಲಿ ಇಂಥದ್ದೇ ಬೇರೆ ಯಾರದೋ ಹಾಡಿದೆಯೆಂದು ಕೇಳಿ ಒಂದು ಟಿಕೆಟ್ಟು ತರಿಸಿಕೊಟ್ಟೆ. ಥ್ಯಾಂಕ್ಸ್ ಹೇಳಿ ತೆಗೆದುಕೊಂಡರು, ಆ ಭಾನುವಾರ ಖೋಲಿಯಲ್ಲೇ ಇದ್ದರು. ಬಾಡಿಗೆಯಲ್ಲಿ ನೂರು ರೂಪಾಯಿ ಇಳಿಸಿದೆ. "ನಳದ ನೀರ ನಿಂತತೇನ್ರಿ?" ಎಂದರು. ಅವರಿಂದ ಏನನ್ನೂ ಮುಚ್ಚಿಡುವಂತಿರಲಿಲ್ಲ.

ಭಾನುವಾರ ಅಂಗಡಿ ಅರ್ಧ ದಿನ. ಮಧ್ಯಾಹ್ನದ ಮೇಲೆ ನಾನು ಕೆಳಗೆ ಪಾತ್ರೆ ಒರೆಸುತ್ತ ಕುಳಿತಿದ್ದರೆ ಮೇಲೆ ಅವರು ಓಡಾಡುವ ಸಪ್ಪಳ ಕೇಳುತ್ತಿತ್ತು. ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಕಪಾಟಿಗೆ. ಐದು ಗಂಟೆಗೆ ಒಂದು ಮೂಲೆಯಲ್ಲಿ ಆ ಸಪ್ಪಳ ನಿಲ್ಲುತ್ತಿತ್ತು. ಕುಳಿತರೆ ಮಂಚದ ಕಾಲು ಕಿರ್ ಎನ್ನಬೇಕು, ಅನ್ನುತ್ತಿರಲಿಲ್ಲ. ಒಂದೂವರೆ ತಾಸು, ಕಿವಿಯಲ್ಲಿ ವೈರು ಹಾಕಿಕೊಂಡು ನಿಂತೇ ಇರುತ್ತಿದ್ದರೆಂದು ಕಾಣುತ್ತದೆ. ಮೇಲೆ ಹೋಗಿ ಬಾಜೂಕ ನಿಲ್ಲಲೇ ಎಂದು ಎಷ್ಟೋ ಸಲ ಅನಿಸಿತು. ಕರೆಯದೆ ಹೋಗುವ ಧೈರ್ಯವಾಗಲಿಲ್ಲ. ಊರೆಲ್ಲ ಕರೆಯದೆ ಬಾಗಿಲಿಗೆ ಹೋಗಿ ವ್ಯಾಪಾರ ಮಾಡಿದವಳು ನಾನು.

ಎರಡು ವರ್ಷದ ನಂತರ ಮೇಡಂಗೆ ಅಥಣಿಗೆ ವರ್ಗವಾಯಿತು. ಖೋಲಿ ಖಾಲಿ ಮಾಡಿ ಹೋದ ಮೇಲೆ ನೋಡಿದೆ: ಗೋಡೆಗೆ ಒಂದೂ ಮೊಳೆ ಹೊಡೆದಿರಲಿಲ್ಲ.

ಕಳೆದ ತಿಂಗಳು ಅಥಣಿಯ ದವಾಖಾನೆಯಲ್ಲಿ ಅವರ ನಿವೃತ್ತಿಯ ಸಮಾರಂಭ. ನನಗೂ ಹೇಳಿ ಕಳಿಸಿದ್ದರು. ಡಾಕ್ಟರು ಮಾತಾಡಿದರು, ಸಿಸ್ಟರುಗಳು ಮಾತಾಡಿದರು: ಶಾಂತ ಸ್ವಭಾವ, ಸಮಯಪಾಲನೆ, ಯಾರ ತಂಟೆಗೂ ಹೋದವರಲ್ಲ. ಮೂವತ್ತು ವರ್ಷ ಸರ್ವೀಸಿನಲ್ಲಿದ್ದ ಹೆಂಗಸಿನ ಬಗ್ಗೆ ಅವರಿಗೆ ಗೊತ್ತಿದ್ದದ್ದು ಅಷ್ಟೇ. ಆಮೇಲೆ ಯಾರೋ, "ರಾಯಬಾಗದ ಅಕ್ಕಾರು ಬಂದಾರ, ಎರಡ ಮಾತ ಹೇಳ್ತಾರ," ಎಂದು ಮೈಕು ನನ್ನ ಕೈಗೆ ಕೊಟ್ಟರು.

ಮೈಕು ಕೈಗೆ ಬಂದರೆ ನಾನು ಬಿಡುವವಳಲ್ಲ. ಹೇಳಲು ನನ್ನ ಹತ್ತಿರ ಆ ಸಭೆಯಲ್ಲಿ ಯಾರ ಹತ್ತಿರವೂ ಇಲ್ಲದ ಮಾಲು ಇತ್ತು. ಈ ನಿಮ್ಮ ಶಾಂತ ಸ್ವಭಾವದ ಮೇಡಂ ಕಣ್ಣು ಮುಚ್ಚಿ ಕೈಯೆತ್ತಿದ್ದನ್ನು ನೀವು ನೋಡಬೇಕಿತ್ತು ಎಂದು ನಾಲಿಗೆಯ ತುದಿಗೆ ಬಂತು. ಮೇಡಂ ಕುರ್ಚಿಯಲ್ಲಿ ಹಾರ ಹಾಕಿಕೊಂಡು ಕುಳಿತು ನನ್ನನ್ನೇ ನೋಡುತ್ತಿದ್ದರು.

"ಬಾಡಿಗಿ ಒಂದ ದಿನಾನೂ ತಡಾ ಮಾಡಲಿಲ್ರಿ," ಎಂದೆ. "ಇವರಂಥಾ ಬಾಡಿಗಿದಾರರು ಎಲ್ಲಾರಿಗೂ ಸಿಗಲಿ." ಮೈಕು ಕೊಟ್ಟು ಕುಳಿತೆ. ಜನ ನಕ್ಕರು. ಮೇಡಂ ಉಸಿರು ಬಿಟ್ಟದ್ದು ನನಗೆ ಕಂಡಿತು.

ಹೊರಡುವಾಗ ಗೇಟಿನವರೆಗೆ ಬಂದರು. ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಯಾವ ಊರಿಗೆ ಹೋಗುತ್ತಾರೆಂದು ಹೇಳಿರಲಿಲ್ಲ.

"ಇನ್ನ ಟೈಮ್ ಸಿಕ್ತಲ್ರಿ ಮೇಡಂ," ಎಂದೆ. "ಮತ್ತ ಎಲ್ಲಿಗರೆ..."

"ಕೇಳಬ್ಯಾಡ್ರಿ ಅಕ್ಕಾ," ಎಂದರು. ಸಿಟ್ಟಿನಿಂದಲ್ಲ. ಎಲ್ಲೋ ಒಂದು ಕಡೆ ಬೇರೊಂದು ಜಾಗ ಹುಡುಕಿಕೊಂಡಿದ್ದಾರೋ, ಇಲ್ಲವೋ, ಆ ದನಿಯಿಂದ ತಿಳಿಯುವಂತಿರಲಿಲ್ಲ. ಎದುರಿನವರ ದನಿ ಕೇಳಿ ಎಷ್ಟಕ್ಕೆ ಒಪ್ಪುತ್ತಾರೆಂದು ಹೇಳಬಲ್ಲ ನನಗೂ ತಿಳಿಯಲಿಲ್ಲ. ಕೇಳಲಿಲ್ಲ. ಬಸ್ಸು ಹತ್ತಿದೆ.

ಈಗ ನಿಮಗೊಂದು ಮಾತು. ಯಾರಾದರೂ ತಾವು ಒಬ್ಬರೇ ಹೋಗುವ ಜಾಗಕ್ಕೆ ನಿಮ್ಮನ್ನು ಕರೆದರೆ, ಅಂಗಡಿ ಮುಚ್ಚಿಯಾದರೂ ಹೋಗಿ. ಎರಡು ದಿನದ ಗಿರಾಕಿ ಮೂರನೆಯ ದಿನ ಬಂದೇ ಬರುತ್ತಾನೆ. ಟಿಕೆಟ್ಟಿನಲ್ಲಿ ಚೌಕಾಸಿ ಮಾಡಿ ನೋಡಿ, ತಪ್ಪಿಲ್ಲ. ಊಟ ಮಾಡಿಕೊಂಡು ಹೋಗಿ, ಒಳಗಿನ ದರ ದುಬಾರಿ. ಸವೆದ ಚಪ್ಪಲಿ ಬೇಡ, ಬಹಳ ಹೊತ್ತು ನಿಲ್ಲಬೇಕಾಗುತ್ತದೆ. ಕೈ ಖಾಲಿ ಇರಲಿ. ಅಲ್ಲಿ ಏನೋ ಕಡಿಮೆಯಿದೆ, ನಾನು ತುಂಬಿಕೊಡುತ್ತೇನೆ ಎಂದು ಅನಿಸಿದರೆ, ಅನಿಸಿಯೇ ಅನಿಸುತ್ತದೆ, ಒಂದು ಗಳಿಗೆ ತಡೆದು ಕರೆದವರ ಮುಖ ನೋಡಿ. ಬಾಜೂಕ ನಿಲ್ಲಿ ಎಂದಿದ್ದರೆ ಬಾಜೂಕ ಮಾತ್ರ ನಿಲ್ಲಿ. ಎರಡನೆಯ ಸಲ ಕರೆಯುತ್ತಾರೆಂದು ಲೆಕ್ಕ ಹಾಕಬೇಡಿ. ಮೊದಲನೆಯ ಸಲವೇ ಸರಿಯಾಗಿ ನಿಂತುಕೊಳ್ಳಿ.